ಕಿವಿಗೆ ಬಂದ ಹರಕೆ

ಉಜಿರೆ ಸಮೀಪದ ಸುರ್ಯ ಸದಾಶಿವರುದ್ರ ದೇವಸ್ಥಾನಕ್ಕೆ ಹೋದವರಿಗೆ ಮಣ್ಣಿನ ಹರಕೆ ಗೊತ್ತಿರುತ್ತದೆ. ಮನೆಗಾಗಿ ಹೊತ್ತವರು ಮಣ್ಣಿನ ಮನೆ, ಮಗುವಿಗಾಗಿ ಹೊತ್ತವರು ತೊಟ್ಟಿಲು, ಕಾಲುನೋವು ವಾಸಿಯಾದವರು ಕಾಲು ಒಪ್ಪಿಸಿ ಬರುತ್ತಾರೆ. ಬನದಲ್ಲಿ ಅವುಗಳ ರಾಶಿಯೇ ಇದೆ. ಅದನ್ನು ಕಂಡವರು ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ಮೆಕ್ಸಿಕನ್ ಬೆಳ್ಳಿಯ ಓಲೆ ನೋಡಿದರೆ ಕ್ಷಣಕಾಲ ಗಲಿಬಿಲಿಯಾದೀತು: ಉಗುರಿನಷ್ಟು ಕೈ, ಕಾಲು, ಕಣ್ಣು, ಹಸು, ಜ್ವಾಲೆ ಹೊತ್ತ ಹೃದಯ!

ಸ್ಪ್ಯಾನಿಷ್‌ನಲ್ಲಿ ಇವು ‘ಮಿಲಾಗ್ರೊ’, ಅಂದರೆ ಪವಾಡ. ನಾವು ಹೊತ್ತ ಮಾತಿನ ಹೆಸರಿಟ್ಟೆವು, ಅವರು ಸಿಕ್ಕ ಫಲದ ಹೆಸರಿಟ್ಟರು. ಇಗರ್ಜಿಯಲ್ಲಿ ಸಂತರ ಮೂರ್ತಿಯ ಬಟ್ಟೆಗೆ ಇವನ್ನು ಪಿನ್ನಿನಿಂದ ಸಿಕ್ಕಿಸುತ್ತಾರೆ. ನಮ್ಮಲ್ಲೂ ಬೆಳ್ಳಿಯ ಕಣ್ಣು, ಕೈಕಾಲು ಒಪ್ಪಿಸುವುದುಂಟು. ಆದರೆ ಹುಂಡಿಗೆ ಬಿದ್ದರೆ ಮುಗಿಯಿತು. ಹರಕೆಯ ರೂಪವನ್ನು ಕಿವಿಗೆ ತೂಗುಹಾಕಿಕೊಳ್ಳುವ ಧೈರ್ಯ ನಮ್ಮವರಿಗೆ ಬರಲಿಲ್ಲ. ಮೆಕ್ಸಿಕನ್ನರು ಅಂಜಲಿಲ್ಲ.

ಹೇವರ್ಡ್‌ನ ಹತ್ತು ಜನರಲ್ಲಿ ಸುಮಾರು ನಾಲ್ವರು ಲ್ಯಾಟಿನೊ ಮೂಲದವರು. ನವೆಂಬರ್ 1 ಮತ್ತು 2ರ ಸತ್ತವರ ಹಬ್ಬ ಹತ್ತಿರವಾದಂತೆ ಈ ಒಡವೆಗೆ ಕಳೆ ಬರುತ್ತದೆ. ಪಿತೃಗಳಿಗೆ ಎಡೆ ಇಡುವ ಹಬ್ಬವೇ ಅದು. ನಗುವ ಬೆಳ್ಳಿಯ ತಲೆಬುರುಡೆ ಕಿವಿಯಲ್ಲಿ, ಚೆಂಡುಹೂ ಎಡೆಯ ಮುಂದೆ. ಅಂದಹಾಗೆ, ನಮ್ಮ ದಸರೆಯ ಚೆಂಡುಹೂವಿನ ತವರು ಮೆಕ್ಸಿಕೊ.

‘ಶತಮಾನಗಳ ಜಾನಪದ’ ಎಂದು ಮಾರುವವರ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ಮೆಕ್ಸಿಕೊದ ಟಾಸ್ಕೊ ಊರಿನಲ್ಲಿ ಬೆಳ್ಳಿಯ ಗಣಿ ಸ್ಪ್ಯಾನಿಷರ ಕಾಲದ್ದು, ನಿಜ. ಆದರೆ ಅಗೆದ ಬೆಳ್ಳಿಯ ಬಹುಪಾಲು ಊರಲ್ಲಿ ನಿಲ್ಲುತ್ತಿರಲಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ವಿಲಿಯಂ ಸ್ಪ್ರ್ಯಾಟ್ಲಿಂಗ್ 1929ರಲ್ಲಿ ಅಲ್ಲಿ ನೆಲೆಸಿ, ಒಂದೆರಡು ವರ್ಷದಲ್ಲೇ ಅಕ್ಕಸಾಲಿಗರನ್ನು ಕೂಡಿಸಿ ಕಾರ್ಯಾಗಾರ ತೆರೆದ. ಸ್ಪ್ಯಾನಿಷರಿಗಿಂತ ಹಿಂದಿನ ಕಲ್ಲುಕೆತ್ತನೆಯ ಚಿತ್ತಾರಗಳನ್ನು ಬೆಳ್ಳಿಗೆ ಇಳಿಸಿದ. ಅವನಲ್ಲಿ ಪಳಗಿದ ಹುಡುಗರು ತಮ್ಮದೇ ಅಂಗಡಿ ಹೂಡಿದರು, ಟಾಸ್ಕೊ ಬೆಳ್ಳಿಪೇಟೆಯಾಯಿತು. ಬೆಳ್ಳಿಯ ಮೇಲೆ ಬಣ್ಣದ ಮೀನಾಕೆಲಸಕ್ಕೆ ಹೆಸರಾದ ವಿನ್ಯಾಸಕಿ ‘ಮಾರ್ಗೊ ದೆ ಟಾಸ್ಕೊ’ ಹುಟ್ಟಿದ್ದು ಹೇವರ್ಡ್‌ಗೆ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ.

ಕೆಲಸ ನಮ್ಮ ಅಕ್ಕಸಾಲಿಗರಿಗೆ ಅಪರಿಚಿತವಲ್ಲ. ತಗಡನ್ನು ಸಣ್ಣ ಗರಗಸದಲ್ಲಿ ಕೊಯ್ದು, ಹಿಂಬದಿಯಿಂದ ಬಡಿದು ಉಬ್ಬಿಸಿ, ಬಿಳಿಗಾರ ಹಚ್ಚಿ ಬೆಸೆಯುವುದು. ನೋಡಬೇಕಾದದ್ದು ಕೊನೆಯ ಹಂತ. ಗಂಧಕ ಬೆರೆತ ದ್ರಾವಣದಲ್ಲಿ ಅದ್ದಿ ಒಡವೆಯನ್ನು ಬೇಕೆಂದೇ ಕಪ್ಪಾಗಿಸುತ್ತಾರೆ. ಉಬ್ಬನ್ನು ತಿಕ್ಕಿ ಬೆಳಗಿಸಿದರೆ ತಗ್ಗಿನಲ್ಲಿ ಉಳಿದ ಕಪ್ಪೇ ರೆಪ್ಪೆ, ಬೆರಳು, ಗರಿಯ ಗೆರೆಯಾಗುತ್ತದೆ. ಇದನ್ನು ಮನೆಗೆ ತಂದು ವಿಭೂತಿ ಹಾಕಿ ಫಳಫಳ ತಿಕ್ಕುವ ಅಜ್ಜಿಯರಿಂದ ದೂರವಿಡಿ. ಕುಶಲಿಯ ಅರ್ಧ ಕೆಲಸ ತೊಳೆದುಹೋಗುತ್ತದೆ.

ಕೊಳ್ಳುವಾಗ ಹಿಂಬದಿ ತಿರುಗಿಸಿ ‘925’ ಮುದ್ರೆ ನೋಡಿ: ಸಾವಿರ ಪಾಲಿನಲ್ಲಿ 925 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ‘ಆಲ್ಪಾಕಾ’ ಎಂದಿದ್ದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ನಮ್ಮ ಪೇಟೆಯಲ್ಲಿ ಅದನ್ನೇ ಜರ್ಮನ್ ಸಿಲ್ವರ್ ಎನ್ನುವುದು.