ಚೌಕಟ್ಟು ದಾಟಲಾರದ ಕಿಟಕಿ

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮೊನ್ನೆ ಮಧ್ಯಾಹ್ನ ಫೋನ್ ಮಾಡಿದಾಗ ಹಿನ್ನೆಲೆಯಲ್ಲಿ ಸೈರನ್ ಕೂಗುತ್ತಿತ್ತು. ಪಂಚಾಂಗದ ಪಿಡಿಎಫ್ ಹುಡುಕುತ್ತಿದ್ದರಂತೆ. ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಎಚ್ಚರಿಕೆ: ಕಂಪ್ಯೂಟರಿಗೆ ವೈರಸ್ ತಗುಲಿದೆ, ಆಫ್ ಮಾಡಬೇಡಿ. ಕೆಳಗೆ ಮೈಕ್ರೋಸಾಫ್ಟ್ ಹೆಸರಿನಲ್ಲೊಂದು ಸಹಾಯವಾಣಿ.

“ಮೌಸ್ ಬಾಣವೇ ಕಾಣ್ತಿಲ್ಲ ಕಣಯ್ಯಾ, ಈ ನಂಬರಿಗೆ ಮಾಡ್ಲಾ?”

“ಬೇಡಿ ಸಾರ್, ಬಂದೆ.”

ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದೆ. ಹಿಗ್ಗಿದ್ದ ಪುಟ ಕುಗ್ಗಿತು. ಟ್ಯಾಬ್ ಮುಚ್ಚಿದೆ, ಸೈರನ್ನೂ ನಿಂತಿತು. ಅದೊಂದು ಮಾಮೂಲಿ ವೆಬ್ ಪುಟ. ಪರದೆ ತುಂಬ ಹರಡಿಕೊಂಡು, ಬಾಣವನ್ನು ಬಚ್ಚಿಟ್ಟು ಗಾಬರಿ ಹುಟ್ಟಿಸಿತ್ತು, ಅಷ್ಟೇ. ಮೇಷ್ಟ್ರ ಹಾರ್ಡ್ ಡಿಸ್ಕಿನೊಳಗೆ ಇಣುಕಿ ವೈರಸ್ ಎಣಿಸಲು ಅದಕ್ಕೆ ಆಗುವುದಿಲ್ಲ. ಮೈಕ್ರೋಸಾಫ್ಟಂತೂ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದೇ ಇಲ್ಲ. ಕರೆ ಮಾಡಿದ್ದರೆ ಆ ಕಡೆಯವನು ‘ರಿಪೇರಿ’ಗೆಂದು ದೂರದಿಂದಲೇ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸುತ್ತಿದ್ದ. ಆಮೇಲೆ ಬ್ಯಾಂಕ್ ಖಾತೆಗೆ ಲಾಗಿನ್ ಮಾಡಿಸುತ್ತಿದ್ದ.

ಹೀಗೆ ಕೇಳದೆಯೇ ತೆರೆದುಕೊಳ್ಳುವ ಪಾಪ್-ಅಪ್ ಕಿಟಕಿ ಹುಟ್ಟಿದ್ದು ಕಳ್ಳತನಕ್ಕಲ್ಲ. 1990ರ ದಶಕದಲ್ಲಿ ಅಮೆರಿಕದ ಟ್ರೈಪಾಡ್ ಎಂಬ ತಾಣದಲ್ಲಿದ್ದ ಈಥನ್ ಝುಕರ್‌ಮನ್, ಜಾಹೀರಾತು ಬಳಕೆದಾರರ ಪುಟಕ್ಕೆ ಅಂಟಿಕೊಳ್ಳದಿರಲೆಂದು ಅದನ್ನು ಬೇರೆ ಕಿಟಕಿಯಲ್ಲಿ ತೆರೆಯುವ ಕೋಡ್ ಬರೆದರು. 2014ರಲ್ಲಿ ಅದಕ್ಕಾಗಿ ಕ್ಷಮೆಯನ್ನೂ ಕೇಳಿದರು. ಪುಣ್ಯಾತ್ಮ!

ಕೂಗುವ ಪಾಪ್-ಅಪ್ಪಿಗಿಂತ ನನಗೆ ಹೆಚ್ಚು ಭಯ ಸದ್ದಿಲ್ಲದೆ ಬರುವುದರದ್ದು. ‘ಗೂಗಲ್ ಮೂಲಕ ಲಾಗಿನ್’ ಒತ್ತಿದರೆ ಸಣ್ಣ ಕಿಟಕಿಯೊಂದು ತೆರೆಯುತ್ತದಲ್ಲ, ಅದನ್ನೇ ಪುಟದೊಳಗೆ ಚಿತ್ರದಂತೆ ಬಿಡಿಸಿಡುವ ಉಪಾಯವನ್ನು 2022ರಲ್ಲಿ ಭದ್ರತಾ ಸಂಶೋಧಕರೊಬ್ಬರು ತೋರಿಸಿಕೊಟ್ಟರು. ವಿಳಾಸ, ಬೀಗದ ಗುರುತು ಎಲ್ಲವೂ ಬರೀ ಬಣ್ಣ. ಪತ್ತೆ ಮಾಡುವುದು ಸುಲಭ: ಕಿಟಕಿಯ ತಲೆ ಹಿಡಿದು ಬ್ರೌಸರಿನ ಅಂಚಿನಾಚೆಗೆ ಎಳೆಯಿರಿ. ನಿಜವಾದದ್ದು ಆಚೆ ಬರುತ್ತದೆ, ನಕಲಿ ಅಂಚಿನಲ್ಲೇ ಸಿಕ್ಕಿಬೀಳುತ್ತದೆ. ಮೊಬೈಲಿನಲ್ಲಿ ಈ ಎಳೆದಾಟ ನಡೆಯದು. ಅಲ್ಲಿ ವಿಳಾಸವನ್ನು ನಾವೇ ಟೈಪ್ ಮಾಡಿ ಹೋಗುವುದು ಲೇಸು. ಪಾಸ್‌ವರ್ಡ್ ಮ್ಯಾನೇಜರ್ ಎಂದಿನಂತೆ ತಾನಾಗಿ ತುಂಬದಿದ್ದರೆ ಅದರ ಮೇಲೆ ಸಿಟ್ಟಾಗಬೇಡಿ, ವಿಳಾಸ ನೋಡಿ. ರಿಸರ್ವ್ ಬ್ಯಾಂಕಿನ ಆದೇಶದಂತೆ ನಮ್ಮ ಬ್ಯಾಂಕುಗಳ ಹೊಸ ವಿಳಾಸ ಕೊನೆಯಾಗುವುದು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು.

‘ರೋಬಾಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’ ಎಂದರೂ ಒತ್ತಬೇಡಿ. ಅದು ನೋಟಿಫಿಕೇಷನ್ ಕಳಿಸಲು ಕೇಳುವ ಪರವಾನಗಿ. ಕೊಟ್ಟರೆ ದಿನವಿಡೀ ಸುಳ್ಳು ವೈರಸ್ ಸುದ್ದಿ.

ಒಂದು ವೇಳೆ ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಳ್ಳರು ಖಾತೆಯಿಂದ ಖಾತೆಗೆ ದಾಟಿಸುವ ಮುನ್ನ ತಿಳಿಸಿದರೆ ಹಣವನ್ನು ತಡೆಹಿಡಿಯುವ ಅವಕಾಶವಿದೆ.