ಮ್ಯಾಗ್ನಮ್ ತೋಟಾ ಹಾಕಿದರೆ ಗುಂಡು ಹೆಚ್ಚು ದೂರ ಹೋಗುತ್ತದೆಯೇ? ಮೊದಲ ಬಂದೂಕು ಕೊಳ್ಳುವ ರೈತರು ತಿಳಿದಿರಬೇಕಾದ ಸಂಗತಿಗಳು

ಕೊಪ್ಪಳ ತಾಲ್ಲೂಕಿನ ಹಿಟ್ನಾಳ ಸುತ್ತಮುತ್ತ ಒಂದು ಕಡೆ ತುಂಗಭದ್ರೆಯ ನೀರಾವರಿ, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡ ಮತ್ತು ಕುರುಚಲು ಕಾಡು. ರಾತ್ರಿಯಾದರೆ ಗುಡ್ಡದ ಕಡೆಯಿಂದ ಕಾಡುಹಂದಿಗಳು ಮೆಕ್ಕೆಜೋಳ, ಶೇಂಗಾ ಹೊಲಗಳಿಗೆ ನುಗ್ಗುತ್ತವೆ. ಗಂಗಾವತಿ ಕಡೆಯ ಬೆಟ್ಟಗಳಲ್ಲಿ ಕರಡಿ, ಚಿರತೆಗಳಿವೆ. ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳಲ್ಲಿ ಚಿಗರಿ ಹಿಂಡುಗಳ ಕಾಟ. ಹೀಗಾಗಿ ‘ಒಂದು ಬಂದೂಕು ತಗೊಂಡುಬಿಡೋಣ’ ಎಂಬ ಮಾತು ಈ ಭಾಗದ ರೈತರಲ್ಲಿ ಆಗಾಗ ಬರುತ್ತದೆ.

ಅದರ ಹಿಂದೆಯೇ ಇನ್ನೊಂದು ಮಾತು: ‘ತಗೊಳ್ಳೋದಾದ್ರೆ ದೊಡ್ಡದನ್ನೇ ತಗೋ, ಮ್ಯಾಗ್ನಮ್ ಆದ್ರೆ ಒಂದೇ ಏಟಿಗೆ ಕೆಲಸ ಮುಗೀತದ.’ ವಿದೇಶಿ ಬೇಟೆಯ ವಿಡಿಯೋಗಳನ್ನು ನೋಡಿದವರು ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತಾರೆ. ಈ ನಂಬಿಕೆಯಲ್ಲಿ ನಿಜವೆಷ್ಟು? ಭೌತವಿಜ್ಞಾನ ಏನು ಹೇಳುತ್ತದೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

‘ಮ್ಯಾಗ್ನಮ್’ ಎಂದರೇನು?

ಲ್ಯಾಟಿನ್ ಭಾಷೆಯಲ್ಲಿ ಮ್ಯಾಗ್ನಮ್ ಎಂದರೆ ‘ದೊಡ್ಡದು’ ಎಂದಷ್ಟೇ ಅರ್ಥ. ಯುರೋಪಿನಲ್ಲಿ ಮಾಮೂಲಿಗಿಂತ ಎರಡರಷ್ಟು, ಅಂದರೆ 1.5 ಲೀಟರ್ ಹಿಡಿಯುವ ಶಾಂಪೇನ್ ಬಾಟಲಿಗೆ ಈ ಹೆಸರಿತ್ತು. ಬ್ರಿಟಿಷ್ ಬಂದೂಕು ತಯಾರಕರು ಅದನ್ನು ಹೆಚ್ಚು ಮದ್ದು ಹಿಡಿಯುವ ತೋಟಾಗಳಿಗೆ ಬಳಸತೊಡಗಿದರು. 1912ರಲ್ಲಿ ಬಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಇವುಗಳಲ್ಲಿ ಪ್ರಸಿದ್ಧವಾದದ್ದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮ್ಯಾಗ್ನಮ್ ಎಂಬುದು ಲೀಟರ್, ಕಿಲೋಗಳಂತೆ ಒಂದು ಅಳತೆಯಲ್ಲ. ಅದೇ ವರ್ಗದ ಇತರ ತೋಟಾಗಳಿಗಿಂತ ಇದರಲ್ಲಿ ಮದ್ದು ಹೆಚ್ಚು ಎಂಬುದನ್ನು ಮಾತ್ರ ಅದು ಸೂಚಿಸುತ್ತದೆ. 1935ರಲ್ಲಿ ಬಂದ .357 ಮ್ಯಾಗ್ನಮ್ ರಿವಾಲ್ವರಿನ ತೋಟಾ. ಅದರ ಗುಂಡಿನ ಶಕ್ತಿ ಸುಮಾರು 800 ಜೂಲ್. ಹೆಸರಿನಲ್ಲಿ ಮ್ಯಾಗ್ನಮ್ ಇಲ್ಲದ .30-06 ರೈಫಲ್ ತೋಟಾದ ಶಕ್ತಿ 3,900 ಜೂಲ್‌ಗೂ ಹೆಚ್ಚು. ಆದ್ದರಿಂದ ಹೆಸರು ನೋಡಿ ಬಲ ಅಳೆಯಲಾಗದು.

ಲೆಕ್ಕ ಹಾಕಿ ನೋಡೋಣ

ಒಂದೇ ದಪ್ಪದ ಗುಂಡು ಹಾರಿಸುವ ಎರಡು ರೈಫಲ್ ತೋಟಾಗಳನ್ನು ಹೋಲಿಸೋಣ. ಒಂದು 1906ರ ಸಾಧಾರಣ ತೋಟಾ .30-06, ಇನ್ನೊಂದು 1963ರ .300 ವಿಂಚೆಸ್ಟರ್ ಮ್ಯಾಗ್ನಮ್. ಎರಡರಲ್ಲೂ ಗುಂಡಿನ ತೂಕ ಸುಮಾರು 11.7 ಗ್ರಾಂ ಎಂದಿಟ್ಟುಕೊಳ್ಳಿ.

ಸಾಧಾರಣ ತೋಟಾದಲ್ಲಿ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಮ್ಯಾಗ್ನಮ್‌ನಲ್ಲಿ ಸುಮಾರು 900 ಮೀಟರ್. ಅಂದರೆ ಶೇ 10ರಷ್ಟು ಹೆಚ್ಚು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಶಕ್ತಿ ಶೇ 20ರಷ್ಟು ಹೆಚ್ಚಾಗುತ್ತದೆ. ಇಷ್ಟು ಲಾಭಕ್ಕಾಗಿ ಸುಡುವ ಮದ್ದು ಸುಮಾರು ಶೇ 25ರಷ್ಟು ಹೆಚ್ಚು.

ಈಗ ಹೆಗಲಿನ ಕಡೆಯ ಲೆಕ್ಕ. ಗುಂಡು ಮುಂದಕ್ಕೆ ಹೋದಷ್ಟೇ ಸಂವೇಗದಿಂದ ಬಂದೂಕು ಹಿಂದಕ್ಕೆ ಬರಬೇಕು. ಇದು ನ್ಯೂಟನ್ನನ ಮೂರನೆಯ ನಿಯಮ. ಗುಂಡಿನ ಜೊತೆಗೆ ಉರಿದ ಮದ್ದಿನ ಅನಿಲವೂ ಭಾರಿ ವೇಗದಲ್ಲಿ ಹೊರನುಗ್ಗುತ್ತದೆ, ಅದರ ಒದೆತವೂ ಸೇರುತ್ತದೆ. ಮೂರೂವರೆ ಕಿಲೋ ತೂಕದ ರೈಫಲ್ಲಿನಲ್ಲಿ ಸಾಧಾರಣ ತೋಟಾದ ಒದೆತ ಸುಮಾರು 28 ಜೂಲ್, ಮ್ಯಾಗ್ನಮ್‌ದು ಸುಮಾರು 37 ಜೂಲ್. ಪ್ರಾಣಿಯ ಕಡೆಗೆ ಶೇ 20ರಷ್ಟು ಹೆಚ್ಚು, ನಿಮ್ಮ ಹೆಗಲಿಗೆ ಶೇ 30ರಷ್ಟು ಹೆಚ್ಚು!

ಇದರ ಪ್ರಯೋಜನ ಎಲ್ಲಿ ಕಾಣುತ್ತದೆ? ಬಹು ದೂರದಲ್ಲಿ. ಬಯಲಿನಾಚೆ 300, 400 ಮೀಟರ್ ದೂರಕ್ಕೆ ಗುರಿಯಿಡುವಾಗ ವೇಗದ ಗುಂಡು ಕಡಿಮೆ ಬಾಗುತ್ತದೆ. ಆದರೆ 100 ಮೀಟರಿನಲ್ಲಿ ಈ ಎರಡು ಗುಂಡುಗಳ ಇಳಿತದ ವ್ಯತ್ಯಾಸ ಎರಡು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ರೈಫಲ್ಲಿನ ಗುರಿಯನ್ನು ಆ ದೂರಕ್ಕೆ ಹೊಂದಿಸಿದರೆ ಅದೂ ಇಲ್ಲವಾಗುತ್ತದೆ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಕಾಣುವ ಹಂದಿ ಸಾಮಾನ್ಯವಾಗಿ ಅದಕ್ಕಿಂತಲೂ ಹತ್ತಿರವೇ ಇರುತ್ತದೆ.

ದೊಡ್ಡ ಸದ್ದು, ಕೆಟ್ಟ ಗುರಿ

ಹೊಸಬರಿಗೆ ಮ್ಯಾಗ್ನಮ್ ಬೇಡ ಎಂದು ತರಬೇತುದಾರರು ಹೇಳುವುದಕ್ಕೆ ಮುಖ್ಯ ಕಾರಣ ನಮ್ಮ ಮೆದುಳು. ಜೋರಾದ ಸದ್ದು, ಹೆಗಲಿಗೆ ಬೀಳುವ ಒದೆತ ಇವೆರಡನ್ನೂ ಒಂದೆರಡು ಸಲ ಅನುಭವಿಸಿದ ದೇಹ ಮುಂದಿನ ಸಲ ಮೊದಲೇ ಸಿದ್ಧವಾಗುತ್ತದೆ. ಕುದುರೆ ಎಳೆಯುವ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚುತ್ತದೆ, ಹೆಗಲು ಬಿಗಿಯುತ್ತದೆ, ಕೈ ಅದುರುತ್ತದೆ. ನಳಿಗೆಯ ಬಾಯಿ ಅರ್ಧ ಡಿಗ್ರಿ ಓರೆಯಾದರೂ 100 ಮೀಟರಿನಲ್ಲಿ ಗುಂಡು ಸುಮಾರು 87 ಸೆಂಟಿಮೀಟರ್ ಆಚೆ ಬೀಳುತ್ತದೆ. ಮ್ಯಾಗ್ನಮ್ ಕೊಟ್ಟ ಶೇ 20ರ ಹೆಚ್ಚುವರಿ ಶಕ್ತಿ ಆಗ ಯಾವ ಕೆಲಸಕ್ಕೂ ಬರುವುದಿಲ್ಲ. ಗುರಿ ತಪ್ಪಿ ಗಾಯಗೊಂಡ ಕಾಡುಹಂದಿ ಬೆಳಿಗ್ಗೆ ಹೊಲಕ್ಕೆ ಬರುವ ಹೆಣ್ಣುಮಕ್ಕಳ ಮೇಲೆ ಎರಗಬಹುದು ಎಂಬುದನ್ನೂ ಮರೆಯಬಾರದು.

ಸದ್ದಿನ ವಿಷಯವೂ ಸಣ್ಣದಲ್ಲ. ಬಂದೂಕಿನ ಸದ್ದು ಸಾಮಾನ್ಯವಾಗಿ 140 ಡೆಸಿಬಲ್ ದಾಟುತ್ತದೆ. ಈ ಮಟ್ಟದಲ್ಲಿ ಕಿವಿಗೆ ರಕ್ಷಣೆ ಇಲ್ಲದಿದ್ದರೆ ಒಂದೇ ಹೊಡೆತಕ್ಕೂ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸಾಯಬಹುದು. ಅವು ಮತ್ತೆ ಹುಟ್ಟುವುದಿಲ್ಲ.

ಇತಿಹಾಸದಲ್ಲೂ ಇದಕ್ಕೆ ಸಾಕ್ಷಿಯಿದೆ. ಚಂಪಾವತ್‌ನ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕಾಗಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು .275 ರಿಗ್ಬಿ ರೈಫಲ್. ಮ್ಯಾಗ್ನಮ್ ಅಲ್ಲ, ಒದೆತ ಕಡಿಮೆಯಿರುವ ಸಾಧಾರಣ ತೋಟಾದ ಹಗುರ ರೈಫಲ್. ಅವರ ಬಳಿ ಭಾರಿ ರೈಫಲ್ ಕೂಡ ಇತ್ತು. ಆದರೂ ಈ ಹಗುರ ರೈಫಲ್ಲಿನಿಂದಲೇ ಅವರು ಮುಂದೆ ಹಲವು ನರಭಕ್ಷಕಗಳನ್ನು ಎದುರಿಸಿದರು. ತೇಜಸ್ವಿಯವರ ಅನುವಾದಗಳಿಂದ ಕನ್ನಡಿಗರಿಗೆ ಪರಿಚಿತರಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸುತ್ತಿದ್ದ .405 ವಿಂಚೆಸ್ಟರ್ ದಪ್ಪ ಗುಂಡಿನದು ನಿಜ, ಆದರೆ ಅದಕ್ಕೂ ಮ್ಯಾಗ್ನಮ್ ಎಂಬ ಹೆಸರಿರಲಿಲ್ಲ.

ಹನ್ನೆರಡು ಬೋರಿನ ಮ್ಯಾಗ್ನಮ್: ಇಲ್ಲಿ ಪ್ರಾಣಾಪಾಯವೇ ಇದೆ

ಹಳ್ಳಿಗಳಲ್ಲಿ ರೈಫಲ್ಲಿಗಿಂತ ಹೆಚ್ಚಾಗಿ ಕಾಣುವುದು ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯ ಹನ್ನೆರಡು ಬೋರಿನ ಬಂದೂಕು. ಅದರ ನಳಿಗೆಯ ಒಳಗೆ ರೈಫಲ್ಲಿನಂತೆ ಸುರುಳಿ ಗೀರುಗಳಿರುವುದಿಲ್ಲ, ನುಣುಪಾಗಿರುತ್ತದೆ. ಒಂದು ಪೌಂಡ್ ಸೀಸದಿಂದ ಹನ್ನೆರಡು ಸಮ ಗುಂಡುಗಳನ್ನು ಮಾಡಿದರೆ ಒಂದೊಂದರ ಅಗಲ ಎಷ್ಟಾಗುತ್ತದೋ ಅಷ್ಟೇ, ಅಂದರೆ ಸುಮಾರು 18.5 ಮಿಲಿಮೀಟರ್, ಈ ನಳಿಗೆಯ ಅಗಲ. ಹನ್ನೆರಡು ಬೋರ್ ಎಂಬ ಹೆಸರು ಬಂದದ್ದು ಹೀಗೆ.

ಇದರಲ್ಲಿ ಸಾಧಾರಣ ತೋಟಾದ ಉದ್ದ 70 ಮಿ.ಮೀ., ಮ್ಯಾಗ್ನಮ್‌ದು 76 ಮಿ.ಮೀ. ‘ಮ್ಯಾಗ್ನಮ್ ಹಾಕಿದರೆ ಚರೆ ಹೆಚ್ಚು ದೂರ ಹೋಗುತ್ತದೆ’ ಎಂಬುದು ಬಹುಮಟ್ಟಿಗೆ ತಪ್ಪು. ಸಾಧಾರಣ ತೋಟಾದಲ್ಲಿ ಸುಮಾರು 36 ಗ್ರಾಂ ಚರೆ ಇದ್ದರೆ ಮ್ಯಾಗ್ನಮ್‌ನಲ್ಲಿ 50 ಗ್ರಾಂ ದಾಟಬಹುದು. ಆದರೆ ವೇಗ ಹೆಚ್ಚುವುದಿಲ್ಲ, ಭಾರ ಹೆಚ್ಚಾದ್ದರಿಂದ ಅನೇಕ ಸಲ ಸ್ವಲ್ಪ ಕಡಿಮೆಯೇ ಇರುತ್ತದೆ. ಚರೆಗಳ ಸಂಖ್ಯೆ ಹೆಚ್ಚುತ್ತದೆ, ಒಂದೊಂದು ಚರೆಯ ಬಲ ಹೆಚ್ಚುವುದಿಲ್ಲ. ಬಂದೂಕಿನ ಪರಿಣಾಮಕಾರಿ ದೂರ ಮೊದಲಿನಂತೆಯೇ 35, 40 ಮೀಟರ್.

ಇನ್ನು ಅಪಾಯದ ಮಾತು. ತೋಟಾದ ಮೇಲೆ ಬರೆದಿರುವ ಉದ್ದ ಅದು ಸಿಡಿದು ಬಾಯಿ ಬಿಚ್ಚಿಕೊಂಡ ನಂತರದ ಉದ್ದ. ಬಾಯಿ ಮಡಚಿರುವಾಗ 76 ಮಿ.ಮೀ. ತೋಟಾ 70 ಮಿ.ಮೀ. ಕೋಣೆಯ ಬಂದೂಕಿನೊಳಗೆ ಸಲೀಸಾಗಿ ಕೂತುಬಿಡಬಹುದು. ‘ಹಿಡಿಸಿತಲ್ಲ, ಸರಿಹೋಯಿತು’ ಎಂದು ಹಾರಿಸಿದರೆ, ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಂಡು ಚರೆಗೆ ಅಡ್ಡವಾಗುತ್ತದೆ. ಒತ್ತಡ ಒಮ್ಮೆಲೇ ಏರುತ್ತದೆ. ಯುರೋಪಿನ ಮಾನದಂಡದಂತೆ ಸಾಧಾರಣ ಹನ್ನೆರಡು ಬೋರಿನ ಗರಿಷ್ಠ ಒತ್ತಡ 740 ಬಾರ್, ಮ್ಯಾಗ್ನಮ್‌ದು 1,050 ಬಾರ್. ಅಜ್ಜನ ಕಾಲದಿಂದ ಅಟ್ಟದ ಮೇಲಿದ್ದ, ಒಳಗೆ ತುಕ್ಕು ತಿಂದ ನಳಿಗೆ ಇದನ್ನು ತಡೆಯುತ್ತದೆ ಎಂದು ನಂಬುವಂತಿಲ್ಲ. ನಳಿಗೆ ಸಿಡಿದರೆ ಅದು ಸಿಡಿಯುವುದು ಎಡಗೈ ಹಿಡಿದ ಜಾಗದಲ್ಲಿ, ಮುಖದ ಹತ್ತಿರದಲ್ಲಿ.

ನಳಿಗೆಯ ಬುಡದಲ್ಲಿ ಕೋಣೆಯ ಉದ್ದವನ್ನು ಸಾಮಾನ್ಯವಾಗಿ ಕೆತ್ತಿರುತ್ತಾರೆ. ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ ಅದು 65 ಮಿ.ಮೀ. ಕೂಡ ಇರಬಹುದು. ಅದಕ್ಕಿಂತ ಉದ್ದದ ತೋಟಾ ಹಾಕಲೇಬಾರದು. ಗುರುತು ಅಳಿಸಿಹೋಗಿದ್ದರೆ ಪರವಾನಗಿ ಇರುವ ಬಂದೂಕು ರಿಪೇರಿಯವರಲ್ಲಿ ಅಳತೆ ಮಾಡಿಸದೆ ಹಾರಿಸಬೇಡಿ.

ಗುಂಡು ಎಲ್ಲಿಗೆ ಹೋಗಿ ನಿಲ್ಲುತ್ತದೆ?

ಹೊಲದ ಕಾವಲಿಗೆ ರೈಫಲ್ ಏಕೆ ತಕ್ಕದ್ದಲ್ಲ ಎಂಬುದಕ್ಕೆ ಈ ಪ್ರಶ್ನೆಯಲ್ಲೇ ಉತ್ತರವಿದೆ. ಗುರಿ ತಪ್ಪಿದ .30-06 ಗುಂಡು ಮೇಲ್ಮುಖವಾಗಿ ಹಾರಿದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಹಿಟ್ನಾಳದಂತಹ ಕಡೆ ಅಷ್ಟು ದೂರದೊಳಗೆ ಹೆದ್ದಾರಿ ಇದೆ, ಊರುಗಳಿವೆ, ಬೆಳೆ ಕಾಯುತ್ತ ಹೊಲದಲ್ಲೇ ಮಲಗಿದವರಿದ್ದಾರೆ, ಕುರಿಹಟ್ಟಿಗಳಿವೆ. ಹನ್ನೆರಡು ಬೋರಿನ ಸಣ್ಣ ಚರೆ ಸುಮಾರು 250 ಮೀಟರಿನೊಳಗೆ ನೆಲ ಸೇರುತ್ತದೆ. ದೊಡ್ಡ ಚರೆಗಳು 600 ಮೀಟರ್ ದಾಟಬಹುದು, ಅವೂ ಅಪಾಯಕಾರಿಯೇ. ಬಂಡೆಗಲ್ಲು ಹೆಚ್ಚಿರುವ ನೆಲದಲ್ಲಿ ಗುಂಡು ಕಲ್ಲಿಗೆ ಬಡಿದು ದಿಕ್ಕು ಬದಲಿಸುವ ಸಾಧ್ಯತೆಯೂ ಇದೆ.

ಕಾನೂನು ನಿಮಗಾಗಿ ಮೊದಲೇ ಆಯ್ಕೆ ಮಾಡಿದೆ

‘ಬೇಟೆಗೆ ಯಾವ ರೈಫಲ್?’ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಅರ್ಥವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಉಳಿಯುವುದು ಬೆಳೆ ರಕ್ಷಣೆ ಮತ್ತು ಆತ್ಮರಕ್ಷಣೆಯ ಪ್ರಶ್ನೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಮೊದಲು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು, ಅಂದರೆ ಮಲೆನಾಡಿನವರು ಕೇಪಿನ ಕೋವಿ ಎನ್ನುವಂಥದ್ದನ್ನು. ಅದು ಸಾಲದು ಎಂದು ಪರವಾನಗಿ ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕಿಗೆ ಪರವಾನಗಿ ಕೊಡಬಹುದು. ನಳಿಗೆ 20 ಇಂಚಿಗಿಂತ ಕಡಿಮೆ ಇರುವಂತಿಲ್ಲ. ರೈಫಲ್ಲಿನ ಮಾತು ಈ ಸಾಲುಗಳಲ್ಲಿ ಇಲ್ಲವೇ ಇಲ್ಲ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು.

ಕೊಡಗಿನ ಉದಾಹರಣೆ ಕೊಡುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವುದು ಪರವಾನಗಿಯಿಂದ ವಿನಾಯಿತಿ ಮಾತ್ರ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದು ಬೇಟೆಯ ಹಕ್ಕಲ್ಲ, ಕೊಪ್ಪಳ ಜಿಲ್ಲೆಗೆ ಅದು ಅನ್ವಯಿಸುವುದೂ ಇಲ್ಲ.

ಇನ್ನೊಂದು ದೊಡ್ಡ ತಪ್ಪು ಕಲ್ಪನೆ: ‘ಬಂದೂಕಿನ ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದು.’ ಇಲ್ಲ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಬೇರೆ, ಪ್ರಾಣಿಯನ್ನು ಕೊಲ್ಲುವ ಅನುಮತಿ ಬೇರೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಆದೇಶ ಬೇಕು. ಕೃಷ್ಣಮೃಗ, ಕರಡಿ, ಚಿರತೆ ಮೊದಲನೆಯ ಅನುಸೂಚಿಯವು. ಇವುಗಳನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಪ್ರಾಣಿ ಮೇಲೆರಗಿದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅದು ಅಪರಾಧವಲ್ಲ. ಆದರೆ ಆಗಲೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು.

ಹಾಗಾದರೆ ಏನು ಮಾಡಬೇಕು?

ಮೊದಲು ಬಂದೂಕಿಲ್ಲದ ದಾರಿ ನೋಡಿ. ಸೋಲಾರ್ ಬೇಲಿಯಲ್ಲಿ ಹರಿಯುವುದು ಕ್ಷಣಾರ್ಧದ ಮಿಡಿತ, ಅದು ಹಂದಿಯನ್ನು ಬೆದರಿಸುತ್ತದೆ, ಕೊಲ್ಲುವುದಿಲ್ಲ. ಕಂಬದಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದು ಇದಕ್ಕಿಂತ ಪೂರ್ತಿ ಬೇರೆ: ಅದು ಹಂದಿಯನ್ನೂ ಕೊಲ್ಲುತ್ತದೆ, ಪಕ್ಕದ ಹೊಲದ ರೈತನನ್ನೂ ಕೊಲ್ಲುತ್ತದೆ, ಜೊತೆಗೆ ಅಪರಾಧ. ಹಿಟ್ಟಿನಲ್ಲಿ ಸಿಡಿಮದ್ದು ಇಡುವುದೂ ಅಷ್ಟೇ, ಅದಕ್ಕೆ ಬಾಯಿ ಹಾಕುವುದು ಎಷ್ಟೋ ಸಲ ದನಗಳು. ಬೆಳೆ ಹಾನಿಯಾದರೆ ಫೋಟೊ, ಪಹಣಿ ಸಹಿತ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ.

ಇಷ್ಟಾದ ಮೇಲೂ ಬಂದೂಕು ಬೇಕೆನಿಸಿದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಬೆಳೆ ರಕ್ಷಣೆಯ ಕಾರಣ ಕೊಟ್ಟು ಅರ್ಜಿ ಹಾಕಿ. ಪರವಾನಗಿ ಸಿಕ್ಕರೆ ಸಾಧಾರಣ ಕೋಣೆಯ ಬಂದೂಕು, ಅದರ ಮೇಲೆ ಕೆತ್ತಿದ ಉದ್ದಕ್ಕೆ ತಕ್ಕ ಸಾಧಾರಣ ತೋಟಾ ಸಾಕು. ಹೆಗಲಿಗೆ ಹೊಂದುವ, ಕೈ ಅದುರದೆ ಹಿಡಿಯಬಲ್ಲ ಬಂದೂಕನ್ನು ಆರಿಸಿ, ತರಬೇತಿ ಪಡೆಯಿರಿ, ಕಿವಿಗೆ ರಕ್ಷಣೆ ಹಾಕಿ. ಬಂದೂಕು ಮತ್ತು ತೋಟಾಗಳನ್ನು ಮಕ್ಕಳ ಕೈಗೆ ಸಿಗದಂತೆ ಬೇರೆ ಬೇರೆ ಕಡೆ ಬೀಗ ಹಾಕಿಡಿ. ಹಂದಿ ಓಡಿಸುವ ಕೆಲಸ ಎಷ್ಟೋ ಸಲ ಗಾಳಿಯಲ್ಲಿ ಕೇಳಿಸುವ ಸದ್ದಿನಿಂದಲೇ ಆಗುತ್ತದೆ, ಅದಕ್ಕೆ ಮ್ಯಾಗ್ನಮ್ ಬೇಕಿಲ್ಲ.