ಪವರ್‌ಲೈನ್ ಅಡಾಪ್ಟರ್‌ಗಳಲ್ಲಿ ಅಂತರಜಾಲದ ವೇಗಕುಸಿತ

ಪವರ್‌ಲೈನ್ ಅಡಾಪ್ಟರ್ ಎಂಬುದು ಮನೆಯ ಗೋಡೆಯೊಳಗಿನ ವಿದ್ಯುತ್ ತಂತಿಗಳನ್ನೇ ಮಾಹಿತಿ ಸಾಗಿಸುವ ಮಾರ್ಗವಾಗಿ ಬಳಸಿಕೊಳ್ಳುವ ಜಾಲಸಾಧನ. ರೂಟರ್‌ನ ವೈ-ಫೈ ತಲುಪದ ಕೋಣೆಗೆ ಹೊಸ ಕೇಬಲ್ ಎಳೆಯದೆ ಅಂತರಜಾಲ ಒದಗಿಸಲು ಇದನ್ನು ಬಳಸುತ್ತಾರೆ. ಮೈಸೂರಿನ ಹುಣಸೂರು ರಸ್ತೆಯಲ್ಲಿರುವ ಹಿನಕಲ್‌ನಂತಹ ಕಡೆ, ಕೆಳಮನೆಯ ಮೇಲೆ ಕಾಲಕ್ರಮೇಣ ಮಹಡಿ ಕಟ್ಟಿದ ಮನೆಗಳಲ್ಲಿ ಇಟ್ಟಿಗೆ ಗೋಡೆ ಹಾಗೂ ಕಾಂಕ್ರೀಟ್ ಚಾವಣಿಗಳು ವೈ-ಫೈಯನ್ನು ಕುಗ್ಗಿಸುವುದರಿಂದ ಈ ಸಾಧನ ಅನುಕೂಲಕರ. ಆದರೆ ಅಂತಹ ಮನೆಗಳ ತಂತಿಜೋಡಣೆಯೇ ವೇಗಕುಸಿತಕ್ಕೂ ಕಾರಣವಾಗಬಲ್ಲದು. ದೋಷ ಯಾವ ಹಂತದಲ್ಲಿದೆಯೆಂದು ಗುರುತಿಸದೆ ದುಬಾರಿ ಯೋಜನೆಗೆ ಬದಲಾದರೆ ಹಣ ವ್ಯಯವಾಗುತ್ತದೆಯೇ ಹೊರತು ಮಹಡಿಯ ಕೋಣೆಯಲ್ಲಿ ವೇಗ ಹೆಚ್ಚುವುದಿಲ್ಲ.

ಕಾರ್ಯವಿಧಾನ

ಭಾರತದ ಮನೆಗಳಿಗೆ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ ಪೂರೈಕೆಯಾಗುತ್ತದೆ. ಅಡಾಪ್ಟರ್ ಇದೇ ತಂತಿಯ ಮೇಲೆ ಸುಮಾರು 2ರಿಂದ 30 ಮೆಗಾಹರ್ಟ್ಸ್ ವ್ಯಾಪ್ತಿಯ ಕ್ಷೀಣ ಸಂಕೇತಗಳನ್ನು ಕಳುಹಿಸುತ್ತದೆ. ಒಂದು ಅಡಾಪ್ಟರ್ ರೂಟರ್‌ನ ಬಳಿ, ಇನ್ನೊಂದು ದೂರದ ಕೋಣೆಯಲ್ಲಿ ಇರುತ್ತದೆ. 2001ರ ಹೋಮ್‌ಪ್ಲಗ್ 1.0 ಮಾನಕದ ಗರಿಷ್ಠ ವೇಗ ಸೆಕೆಂಡಿಗೆ 14 ಮೆಗಾಬಿಟ್. 2005ರ ಹೋಮ್‌ಪ್ಲಗ್ ಎವಿಯದು 200 ಮೆಗಾಬಿಟ್. ನಂತರದ ಎವಿ2 ಮಾನಕವು 86 ಮೆಗಾಹರ್ಟ್ಸ್‌ವರೆಗಿನ ಆವರ್ತನಗಳನ್ನೂ, ಕೆಲವು ಮಾದರಿಗಳಲ್ಲಿ ಅರ್ತ್ ತಂತಿಯನ್ನೂ ಬಳಸುತ್ತದೆ. ಜಿ.ಎಚ್‌ಎನ್ ಎಂಬುದು ಪ್ರತ್ಯೇಕ ಮಾನಕ. ಅದರ ಸಾಧನಗಳು ಹೋಮ್‌ಪ್ಲಗ್ ಸಾಧನಗಳೊಡನೆ ಸಂವಹಿಸಲಾರವು.

ಘೋಷಿತ ವೇಗ ಮತ್ತು ನೈಜ ವೇಗ

ಪೆಟ್ಟಿಗೆಯ ಮೇಲಿನ ಅಂಕಿ ಆದರ್ಶ ಸ್ಥಿತಿಯ ಸೈದ್ಧಾಂತಿಕ ಮಿತಿ. ತಂತಿ ಒಂದೇ ಆದುದರಿಂದ ಎರಡೂ ದಿಕ್ಕಿನ ಸಂಚಾರವು ಸರದಿಯಂತೆ ನಡೆಯಬೇಕು. ದೋಷಪರಿಹಾರದ ಮಾಹಿತಿಯೂ ಒಂದು ಪಾಲನ್ನು ಬಳಸುತ್ತದೆ. ಆದ್ದರಿಂದ ನೈಜ ವೇಗ ಘೋಷಿತ ವೇಗದ ಅರ್ಧಕ್ಕಿಂತಲೂ ಬಹಳ ಕಡಿಮೆ ಇರುವುದು ಸಾಮಾನ್ಯ. 600 ಎಂದು ನಮೂದಿಸಿದ ಕೆಲವು ಅಡಾಪ್ಟರ್‌ಗಳ ಕೇಬಲ್ ಕಿಂಡಿಯ ಮಿತಿ ಕೇವಲ 100 ಮೆಗಾಬಿಟ್. ಬಿಟ್ ಮತ್ತು ಬೈಟ್‌ಗಳ ವ್ಯತ್ಯಾಸವನ್ನೂ ಗಮನಿಸಬೇಕು: 8 ಬಿಟ್‌ಗಳಿಗೆ ಒಂದು ಬೈಟ್ ಆಗುವುದರಿಂದ 100 ಮೆಗಾಬಿಟ್ ವೇಗವು 12.5 ಮೆಗಾಬೈಟ್‌ಗೆ ಸಮ.

ವೇಗ ಕುಸಿಯಲು ಕಾರಣಗಳು

• ಬೇರೆ ಫೇಸ್ ಅಥವಾ ಬೇರೆ ಮೀಟರ್: ಮೂರು ಫೇಸ್ ಸಂಪರ್ಕವಿರುವ ಮನೆಯಲ್ಲಿ ಎರಡು ಕೋಣೆಗಳು ಭಿನ್ನ ಫೇಸ್‌ಗಳಲ್ಲಿದ್ದರೆ ಸಂಕೇತವು ದುರ್ಬಲವಾಗಿಯೇ ದಾಟುತ್ತದೆ. ಬಾಡಿಗೆಯ ಮಹಡಿಗೆ ಪ್ರತ್ಯೇಕ ಮೀಟರ್ ಇದ್ದಾಗಲೂ ಹೀಗೆಯೇ.
• ಇನ್ವರ್ಟರ್: ಒಂದು ಅಡಾಪ್ಟರ್ ಇನ್ವರ್ಟರ್ ಮಾರ್ಗದಲ್ಲಿಯೂ ಮತ್ತೊಂದು ನೇರ ಮಾರ್ಗದಲ್ಲಿಯೂ ಇದ್ದರೆ, ಕರೆಂಟು ಹೋದಾಗ ನೇರ ಮಾರ್ಗದ್ದು ನಿಲ್ಲುತ್ತದೆ. ಶುದ್ಧ ಸೈನ್ ತರಂಗ ನೀಡದ ಇನ್ವರ್ಟರ್‌ಗಳು ಗದ್ದಲವನ್ನೂ ಉಂಟುಮಾಡಬಲ್ಲವು.
• ಎಕ್ಸ್‌ಟೆನ್ಷನ್ ಬೋರ್ಡ್: ಸ್ಪೈಕ್ ಗಾರ್ಡ್ ಇರುವ ಬೋರ್ಡ್‌ಗಳು ಅಧಿಕ ಆವರ್ತನದ ಸಂಕೇತವನ್ನು ಗದ್ದಲವೆಂಬಂತೆ ಹೀರಿಕೊಳ್ಳುತ್ತವೆ.
• ಗೃಹೋಪಕರಣಗಳು: ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ದೀಪ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಮಿಕ್ಸಿ ಮುಂತಾದವು ಅದೇ ಆವರ್ತನಗಳಲ್ಲಿ ಅಡಚಣೆ ತರುತ್ತವೆ.
• ತಂತಿಯ ಸ್ಥಿತಿ: ಸಡಿಲ ಜೋಡಣೆ, ಹಳೆಯ ಸಾಕೆಟ್, ಸುತ್ತುಬಳಸಿನ ಉದ್ದನೆಯ ಮಾರ್ಗ.

ದೋಷ ಪತ್ತೆಯ ಕ್ರಮ

ಪ್ರತಿ ಹಂತದಲ್ಲಿಯೂ ಒಂದನ್ನು ಮಾತ್ರ ಬದಲಿಸಿ, ವೇಗವನ್ನು ಅಳೆದು ಬರೆದಿಟ್ಟುಕೊಳ್ಳುವುದು ಉತ್ತಮ.

1. ಲ್ಯಾಪ್‌ಟಾಪನ್ನು ಕೇಬಲಿನಿಂದ ನೇರವಾಗಿ ರೂಟರ್‌ಗೆ ಜೋಡಿಸಿ ಅಳೆಯಬೇಕು. ಇಲ್ಲಿಯೇ ವೇಗ ಕಡಿಮೆಯಿದ್ದರೆ ದೋಷ ರೂಟರ್‌ನಲ್ಲಿ ಅಥವಾ ಸೇವಾದಾರರ ಸಂಪರ್ಕದಲ್ಲಿದೆ, ಅಡಾಪ್ಟರ್‌ನಲ್ಲಿಲ್ಲ.
2. ಎರಡೂ ಅಡಾಪ್ಟರ್‌ಗಳನ್ನು ಒಂದೇ ಕೋಣೆಯ ಅಕ್ಕಪಕ್ಕದ ಗೋಡೆ ಸಾಕೆಟ್‌ಗಳಿಗೆ ಸಿಕ್ಕಿಸಿ ಅಳೆಯಬೇಕು. ಆಗಲೂ ವೇಗ ಕಡಿಮೆಯಿದ್ದರೆ ಕೇಬಲ್ ಬದಲಿಸಿ ನೋಡಬೇಕು. ಎಂಟು ಎಳೆಗಳಲ್ಲಿ ನಾಲ್ಕೇ ಕೂಡಿದ ಕೇಬಲ್ 100 ಮೆಗಾಬಿಟ್ ಮೀರದು. ಅನಂತರವೂ ಸುಧಾರಿಸದಿದ್ದರೆ ಅಡಾಪ್ಟರನ್ನು ಶಂಕಿಸಬಹುದು.
3. ಅಲ್ಲಿ ಸರಿಯಿದ್ದು ದೂರದ ಕೋಣೆಯಲ್ಲಿ ಮಾತ್ರ ಕುಸಿದರೆ ದೋಷ ತಂತಿಮಾರ್ಗದ್ದು. ಅದೇ ಕೋಣೆಯ ಬೇರೆ ಸಾಕೆಟ್‌ಗಳನ್ನು ಪರೀಕ್ಷಿಸಬೇಕು.
4. ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತ ಅಳೆದರೆ ಗದ್ದಲದ ಮೂಲ ತಿಳಿಯುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಮಾತ್ರ ಕುಸಿತವಿದ್ದರೆ ದೀಪಗಳನ್ನು ಮೊದಲು ಪರೀಕ್ಷಿಸಬೇಕು. ರೂಟರ್‌ನಲ್ಲಿ ನೇರವಾಗಿ ಅಳೆದಾಗಲೂ ಸಂಜೆ ಕುಸಿತ ಕಂಡರೆ ಸೇವಾದಾರರ ಜಾಲದ ದಟ್ಟಣೆ ಕಾರಣವಿರಬಹುದು.

ಸುರಕ್ಷತೆ ಮತ್ತು ಗೋಪ್ಯತೆ

ಅರ್ತ್ ಪಿನ್ನನ್ನು ಮುರಿಯುವುದು, ಸಾಕೆಟ್‌ನೊಳಗೆ ಕಡ್ಡಿ ತೂರಿಸುವುದು ಅಪಾಯಕಾರಿ. ಫೇಸ್ ಬದಲಾವಣೆ, ಅರ್ತ್ ದುರಸ್ತಿಗಳನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಬೇಕು. ಮೈಸೂರಿನಲ್ಲಿ ಮೀಟರ್ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಸೇರಿದ್ದು, ಅದರ ಮುದ್ರೆಯನ್ನು ಬಳಕೆದಾರರು ಒಡೆಯಕೂಡದು. ಸಂಕೇತವು ನೆರೆಮನೆಯ ತಂತಿಗೂ ಸೋರಬಹುದಾದ್ದರಿಂದ ಅಡಾಪ್ಟರ್‌ಗಳ ಜೋಡಣೆ ಗುಂಡಿಯನ್ನೊತ್ತಿ ಖಾಸಗಿ ಗೂಢಲಿಪಿ ಕೀಲಿಯನ್ನು ರೂಪಿಸಿಕೊಳ್ಳಬೇಕು.

ಪರ್ಯಾಯಗಳು

ಎರಡು ಮೀಟರ್‌ಗಳ ನಡುವೆ ಅಥವಾ ತೀರ ಹಳೆಯ ತಂತಿಗಳ ಮೇಲೆ ಸ್ಥಿರ ವೇಗ ದೊರೆಯದಿದ್ದರೆ, ಹೊರಗೋಡೆಯ ಮೇಲೆ ಪೈಪಿನೊಳಗೆ ಈಥರ್ನೆಟ್ ಕೇಬಲ್ ಎಳೆಯುವುದು ಹೆಚ್ಚು ವಿಶ್ವಾಸಾರ್ಹ. ಅದು ಸಾಧ್ಯವಾಗದೆಡೆ ಮಹಡಿ ಮೆಟ್ಟಿಲಿನ ಬಳಿ ಮೆಶ್ ವೈ-ಫೈ ಸಾಧನವನ್ನು ಇರಿಸಬಹುದು.